ಅಕ್ಕಿ ಮೂಟೆಗೂ ಕೆಎಂಪಿಎಲ್ ಲೆಕ್ಕ

ಚೀಲ ನನ್ನ ಕೈಗೆ ಬಂದದ್ದು ಹೋದ ವರ್ಷ, ಯುಗಾದಿ ಕಳೆದ ಮೇಲೆ. ಹೆಂಡತಿಗೆ ಮಂಡಿ ಆಪರೇಷನ್ ಆಗಿತ್ತು, ಎರಡು ತಿಂಗಳು ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಅಲ್ಲಿಯವರೆಗೆ ನಾನು ಮನೆಗೆ ತಂದ ಸಾಮಾನು ಅಂದರೆ ಪೇಪರು, ನಂದಿನಿ ಹಾಲು, ಹಬ್ಬಕ್ಕೆ ಬಾಳೆಕಂದು, ಅಷ್ಟೆ. ಸಾರಿಗೆ ಸಂಸ್ಥೆಯ ಲೆಕ್ಕಪತ್ರ ಶಾಖೆಯಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವನಿಗೆ ತರಕಾರಿ ಲೆಕ್ಕ ಏನು ಮಹಾ ಅಂದುಕೊಂಡೇ ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋದೆ.

ಟೊಮೆಟೊ ಒಂದು ಕಡೆ ಕೆಜಿಗೆ 40. ನಾಲ್ಕು ಹೆಜ್ಜೆ ಮುಂದೆ ಗುಡ್ಡೆ ಹಾಕಿಕೊಂಡು ಕೂತಿದ್ದವನು, "ಬನ್ನಿ ಸಾರ್, ಗುಡ್ಡೆ ಮೂವತ್ತು, ಕೆಜಿ ಮೇಲೇ ಬರ್ತದೆ" ಅಂದ. ಎತ್ತಿ ಚೀಲಕ್ಕೆ ಸುರಿಸಿಕೊಂಡು ಗೆದ್ದವನ ಹಾಗೆ ಮನೆಗೆ ಬಂದೆ. ಇವಳು ಕಾಲು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದಳು. ಚೀಲದೊಳಗೆ ಇಣುಕಿ ಒಂದೇ ಮಾತು ಕೇಳಿದಳು: "ಗುಡ್ಡೆ ಹಿಂದ್ಗಡೆ ನೋಡಿದ್ರಾ?"

ನೋಡಿರಲಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದರೆ 1,150 ಗ್ರಾಂ ಇತ್ತು, ಮಾತು ಸುಳ್ಳಲ್ಲ. ಒಡೆದದ್ದು, ಕೊಳೆತದ್ದು, ತೊಟ್ಟಿನ ಹತ್ತಿರ ಕರ್ರಗಾದದ್ದು ಆಯ್ದು ಪಕ್ಕಕ್ಕಿಟ್ಟ ಮೇಲೆ ಉಳಿದದ್ದು 680 ಗ್ರಾಂ. ಅಂದರೆ ಕೆಜಿಗೆ 44 ಕೊಟ್ಟಿದ್ದೆ. ಮಾರಿದವನದ್ದೇನೂ ತಪ್ಪಿಲ್ಲ, ಗುಡ್ಡೆ ಅವನು ಮುಚ್ಚಿಟ್ಟಿರಲಿಲ್ಲ. ಬಗ್ಗಿ ನೋಡುವ ಕೆಲಸ ನನ್ನದಾಗಿತ್ತು.

ಅವತ್ತು ರಾತ್ರಿ ನನಗೆ ನಾಚಿಕೆಯಾದದ್ದು ನಾಲ್ಕು ರೂಪಾಯಿಗಲ್ಲ. ಡಿಪೋದಲ್ಲಿ ಬಸ್ಸಿನ ಯೋಗ್ಯತೆ ಅಳೆಯುವುದು ಅದು ಎಷ್ಟು ಡೀಸೆಲ್ ಕುಡಿಯಿತು ಅಂತಲ್ಲ, ಲೀಟರಿಗೆ ಎಷ್ಟು ಕಿಲೋಮೀಟರ್ ಕೊಟ್ಟಿತು ಅಂತ. ಅದಕ್ಕೇ ಕೆಎಂಪಿಎಲ್ ಅನ್ನುವುದು. ಟೈರಿಗೂ ಹಾಗೇ: ಕೊಂಡ ಬೆಲೆಗೆ, ಸವೆದ ಮೇಲೆ ಹೊಸ ರಬ್ಬರ್ ಹಾಕಿಸಿ ರೀಟ್ರೆಡ್ ಮಾಡಿಸಿದ ಖರ್ಚು ಸೇರಿಸಿ, ಓಡಿದ ಕಿಲೋಮೀಟರಿಂದ ಭಾಗಿಸಿದರೆ ಬರುವುದೇ ಟೈರಿನ ನಿಜವಾದ ಬೆಲೆ. ಆಫೀಸಿನಲ್ಲಿ ಇದನ್ನು ನಾನೇ ಹುಡುಗರಿಗೆ ಹೇಳಿಕೊಡುತ್ತಿದ್ದೆ. ಮಾರ್ಕೆಟ್ಟಿನಲ್ಲಿ ಬೋರ್ಡಿನ ಮೇಲಿನ ಬೆಲೆ ನೋಡಿ ಮರುಳಾದೆ. ಮಾರನೇ ದಿನ ಹಳೇ ಡೈರಿಯೊಂದನ್ನು ತೆಗೆದು ಬರೆಯಲು ಶುರು ಮಾಡಿದೆ. ಕೊಂಡ ಬೆಲೆ ಒಂದು ಕಾಲಂ, ಬಾಯಿಗೆ ಅಥವಾ ಬಳಕೆಗೆ ಬಂದದ್ದು ಇನ್ನೊಂದು ಕಾಲಂ.

ಪ್ಯಾಕೆಟ್ ಸಾಮಾನಿನಲ್ಲಿ ಇದು ಸುಲಭ ಅಂದುಕೊಂಡಿದ್ದೆ. ಈಗ ಎಂಆರ್‌ಪಿ ಪಕ್ಕದಲ್ಲೇ ಗ್ರಾಂಗೆ ಎಷ್ಟು ಬಿತ್ತು ಅಂತಲೂ ಅಚ್ಚು ಹಾಕಬೇಕು ಅನ್ನುವ ನಿಯಮ ಇದೆ. ಇರುವೆ ಸಾಲಿನಂಥ ಅಕ್ಷರ, ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಓದಬೇಕು. ಬಟ್ಟೆ ಸೋಪಿನ ಪುಡಿ ಎರಡು ಕಂಪನಿಯದ್ದು ಕೈಯಲ್ಲಿ ಹಿಡಿದಿದ್ದೆ. ಒಂದು 900 ಗ್ರಾಂ, 140 ರೂಪಾಯಿ. ಇನ್ನೊಂದು 800 ಗ್ರಾಂ, 131 ರೂಪಾಯಿ. ಎರಡರ ಮೇಲೂ ಗ್ರಾಂಗೆ ₹0.16 ಅಂತಲೇ ಇತ್ತು. ಹಾಗಾದರೆ ಸಮ ಅಂತ ಚಿಕ್ಕದನ್ನು ಬುಟ್ಟಿಗೆ ಹಾಕಬೇಕು ಅನ್ನುವಾಗ ಹಳೇ ಚಾಳಿ ಬಿಡಲಿಲ್ಲ, ಮೊಬೈಲಿನಲ್ಲಿ ಭಾಗಿಸಿದೆ. ಮೊದಲನೆಯದು 15.56 ಪೈಸೆ, ಎರಡನೆಯದು 16.38 ಪೈಸೆ. ರೂಪಾಯಿಯ ಲೆಕ್ಕದಲ್ಲಿ ಎರಡು ದಶಮಾಂಶಕ್ಕೆ ನಿಲ್ಲಿಸಿದರೆ ಎರಡೂ 16 ಪೈಸೆಯೇ! ಕೆಜಿಗೆ ಏರಿಸಿದರೆ 156ಕ್ಕೂ 164ಕ್ಕೂ ಎಂಟು ರೂಪಾಯಿ ಅಂತರ. ಅಚ್ಚು ಹಾಕಿದವರು ನಿಯಮ ಮುರಿದಿಲ್ಲ, ನನಗೆ ಬೇಕಾದ ಸಂಗತಿ ಮಾತ್ರ ಆ ರೌಂಡಿಂಗ್‌ನಲ್ಲಿ ಕರಗಿಹೋಗಿತ್ತು. ಅಲ್ಲಿಂದಾಚೆ ಒಂದು ಕೆಜಿಗೆ ಎಷ್ಟು ಅಂತ ನಾನೇ ಲೆಕ್ಕ ಹಾಕಿಕೊಳ್ಳುತ್ತೇನೆ. ಅಡುಗೆ ಎಣ್ಣೆಗೂ ಅಷ್ಟೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದೇ ಗಾತ್ರದ ಪೊಟ್ಟಣ ಅಂತ ಕಣ್ಣಂದಾಜಿನಲ್ಲಿ ಎತ್ತಿಕೊಂಡರೆ ಒಳಗೆ 810 ಗ್ರಾಂ ಇದ್ದೀತು.

ಆಫರ್ ವಿಚಾರ ಹೆಚ್ಚು ಬರೆಯುವುದಿಲ್ಲ. ಒಂದು ಕೊಂಡರೆ ಒಂದು ಫ್ರೀ ಅಂತ ತಂದ ರವೆಯಲ್ಲಿ ಎರಡನೇ ಪ್ಯಾಕೆಟ್ ಒಡೆಯುವ ಹೊತ್ತಿಗೆ ಹುಳ ಬಲೆ ಕಟ್ಟಿತ್ತು, ಅಷ್ಟು ಸಾಕು. ಇನ್ನೊಂದು ಸಲ ದೊಡ್ಡ ಅಂಗಡಿಯೊಂದರಲ್ಲಿ ಶೆಲ್ಫಿನ ಚೀಟಿಯಲ್ಲಿ 99 ಅಂತಿದ್ದ ಸಾಮಾನಿಗೆ ಬಿಲ್ಲಿನಲ್ಲಿ 118 ಬಿದ್ದಿತ್ತು. ಮನೆಗೆ ಬಂದು ಬಿಲ್ಲು ಟಿಕ್ ಹಾಕುವಾಗ ಸಿಕ್ಕಿತು. ಮಾರನೇ ದಿನ ಚೀಟಿಯ ಫೋಟೊ ತೆಗೆದುಕೊಂಡು ಕೌಂಟರಿಗೆ ಹೋದೆ, 19 ರೂಪಾಯಿ ವಾಪಸು ಕೊಟ್ಟರು. ಕೊಡದೇ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದು ಅಂತ ನಂಬರು ಬರೆದುಕೊಂಡೇ ಹೋಗಿದ್ದೆ. ಈಗ ಬಿಲ್ಲನ್ನು ಅಲ್ಲೇ, ಬಾಗಿಲು ದಾಟುವ ಮುಂಚೆ ಓದುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ.

ನನ್ನ ಲೆಕ್ಕದ ಹುಚ್ಚು ಒಂದು ಸಲ ನನಗೇ ತಿರುಗಿಬಿತ್ತು. ಮಾರ್ಚಿಯಲ್ಲಿ ವರ್ಷಕ್ಕಾಗುವಷ್ಟು ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ತರಲು ಸಂತೆಪೇಟೆಗೆ ಹೋಗಿ ಸಾಮಾನಿನಲ್ಲಿ ಇನ್ನೂರು ರೂಪಾಯಿ ಉಳಿಸಿದೆ. ಭಾರ ಹೊರಲಾರದೆ ಆಟೊ ಹಿಡಿದೆ, ಸಂಚಾರದಲ್ಲಿ ಸಿಕ್ಕಿಕೊಂಡೆ, ದಾರಿಯಲ್ಲಿ ಕಾಫಿ ಕುಡಿದೆ. ಡೈರಿಯಲ್ಲಿ ಬರೆದಾಗ ಉಳಿತಾಯ 70. ಈಗ ನೆರೆಮನೆಯವರದ್ದೂ ಸೇರಿಸಿ ಒಂದೇ ಸಲ ತರುತ್ತೇವೆ, ಆಟೊ ಬಾಡಿಗೆ ಮೂರು ಭಾಗ.

ಅವರೇಕಾಯಿ ಲೆಕ್ಕ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಡಿಸೆಂಬರ್ ಹೊತ್ತಿಗೆ ಇವಳು ಕೋಲು ಬಿಟ್ಟು ನಡೆಯುತ್ತಿದ್ದಳು. ಇಬ್ಬರೂ ಎಂ.ಜಿ. ರಸ್ತೆ ಮಾರ್ಕೆಟ್ಟಿಗೆ ಹೋದೆವು. ಸೊಗಡಿನ ಕಾಯಿ ಕೆಜಿಗೆ 60, ಸುಲಿದ ಕಾಳು ಕೆಜಿಗೆ 180. "ಮೂರರಷ್ಟು ರೇಟು, ಹಗಲು ದರೋಡೆ" ಅಂದೆ. ಇವಳು ಏನೂ ಹೇಳದೆ ಎರಡು ಕೆಜಿ ಕಾಯಿ ಕೊಡಿಸಿದಳು. ಮನೆಯಲ್ಲಿ ಪೇಪರು ಹಾಸಿಕೊಂಡು ಸುಲಿಯಲು ಕೂತೆ. ಮೊದಲ ಅರ್ಧ ಗಂಟೆ ಹುರುಪು. ಆಮೇಲೆ ಹೆಬ್ಬೆರಳಿನ ಉಗುರು ಕಂದಿತು, ಬೆರಳಿಗೆಲ್ಲ ಆ ಸೊಗಡಿನ ಜಿಡ್ಡು. ಕೆಲವು ಕಾಯಿಯೊಳಗೆ ಹುಳ, ಕೆಲವು ಬರೀ ಸೊಟ್ಟೆ. ಎಲ್ಲ ಮುಗಿಸಿ ತೂಗಿದರೆ ಎರಡು ಕೆಜಿಗೆ ಸಿಕ್ಕಿದ ಕಾಳು 760 ಗ್ರಾಂ. 120 ರೂಪಾಯಿಗೆ 760 ಗ್ರಾಂ ಅಂದರೆ ಕೆಜಿಗೆ 158. ಸುಲಿದದ್ದನ್ನೇ ಕೊಂಡಿದ್ದರೆ 180. ಅಂದರೆ ಕೆಜಿ ಕಾಳಿಗೆ ನನ್ನ ಸುಲಿಗೆಯ ಕೂಲಿ 22 ರೂಪಾಯಿ! ಹಗಲು ದರೋಡೆ ಅಂದ ಮಾತನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಆದರೂ ನಾವು ಕಾಯಿಯನ್ನೇ ತರುವುದು. ಸುಲಿದಿಟ್ಟ ಕಾಳು ಸಂಜೆ ಹೊತ್ತಿಗೆ ಬಾಡಿ ಸೊಗಡು ಕಳೆದುಕೊಂಡಿರುತ್ತದೆ ಅನ್ನುವುದು ಇವಳ ವಾದ, ಸಾರಿನ ಘಮ ನೋಡಿದರೆ ವಾದ ಸರಿ. ಹಿದುಕಬೇಳೆ ಸಾರು ಮಾಡುವ ದಿನ ನೆನೆಸಿದ ಕಾಳನ್ನು ಹಿದುಕಲು ಮೊಮ್ಮಗನೂ ಸೇರುತ್ತಾನೆ. ಅರ್ಧ ಕಾಳು ಗೋಡೆಗೆ ಹಾರುತ್ತದೆ. ಅದನ್ನು ಯಾವ ಕಾಲಂಗೆ ಬರೆಯಲಿ?

ಬೆಲ್ಲಕ್ಕೆ ಮೈಸೂರಿನಲ್ಲಿ ನಾನು ಅಂಗಡಿ ಹುಡುಕುವುದಿಲ್ಲ. ತಂಗಿ ಮನೆ ಪಾಂಡವಪುರದ ಕಡೆ. ಮಂಡ್ಯ ಎಪಿಎಂಸಿಯಲ್ಲಿ ಅಚ್ಚು, ಕುರಿಕಟ್ಟು, ಬಕೆಟ್ ಅಂತ ಬೆಲ್ಲಕ್ಕೆ ಬಗೆಬಗೆಯ ಹೆಸರು. ಮೊದಲ ಸಲ ನಾನು ಹೊಂಬಣ್ಣದ, ನೋಡಲು ಚಂದದ ಅಚ್ಚು ತೋರಿಸಿದಾಗ ತಂಗಿ ನಕ್ಕಳು. "ಬೆಳ್ಳಗಿರೋದು ನೋಡಿ ಬಾಯ್ ಬುಡ್ಬೇಡ ಕಣಣ್ಣ. ಹೈಡ್ರೋಸ್ ಹಾಕಿರ್ತಾರೆ." ಸೋಡಿಯಂ ಹೈಡ್ರೋಸಲ್ಫೈಟ್ ಅನ್ನುವ ಪುಡಿ ಅದು, ಕುದಿಯುವ ಪಾಕಕ್ಕೆ ಹಾಕಿದರೆ ಬಣ್ಣ ತಿಳಿಯಾಗುತ್ತದೆ. ಕಂದು ಬಣ್ಣದ ಬೆಲ್ಲ ಅಗ್ಗವೂ ಹೌದು, ಹೋಳಿಗೆ ಹೂರಣಕ್ಕೆ ರುಚಿಯೂ ಹೌದು. ಇಲ್ಲಿ ಬೋರ್ಡಿನ ಬೆಲೆಯೂ ಬಾಯಿಯ ಲೆಕ್ಕವೂ ಒಂದೇ ದಿಕ್ಕಿಗೆ ಹೋದವು. ಅಪರೂಪಕ್ಕೆ ಹೀಗೂ ಆಗುತ್ತದೆ.

ಇದೇ ಲೆಕ್ಕ ಫ್ಯಾನಿಗೂ ಬಂತು. ನಮ್ಮದು ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆಯ ಮನೆ. 2022-23ರ ನಮ್ಮ ತಿಂಗಳ ಸರಾಸರಿ 178 ಯೂನಿಟ್, ಅದಕ್ಕೆ ಶೇ 10 ಸೇರಿ ಸುಮಾರು 196ರವರೆಗೆ ಬಿಲ್ಲು ಸೊನ್ನೆ. ಬಿಲ್ಲೇ ಬರದ ಮನೆಗೆ ಕರೆಂಟ್ ಉಳಿಸುವ ಫ್ಯಾನ್ ಯಾಕೆ, 2,800 ಕೊಟ್ಟು ಯಾರನ್ನು ಉದ್ಧಾರ ಮಾಡಬೇಕು ಅಂತ ಮಗನ ಹತ್ತಿರ ವಾದ ಮಾಡಿದ್ದೆ. ಈ ಏಪ್ರಿಲ್ಲಿನಲ್ಲಿ ಸೆಕೆ ತಡೆಯಲಾರದೆ ಹಗಲು ರಾತ್ರಿ ಫ್ಯಾನು ತಿರುಗಿ 209 ಯೂನಿಟ್ ಆಯಿತು. 200 ದಾಟಿದರೆ ದಾಟಿದ ಒಂಬತ್ತಕ್ಕಲ್ಲ, ಪೂರಾ 209ಕ್ಕೂ ಕಟ್ಟಬೇಕು. ಸಾವಿರದ ಐನೂರು ದಾಟಿದ ಬಿಲ್ಲು ಕೈಗೆ ಬಂತು. ಅವತ್ತು ಮೆತ್ತಗಾದೆ. ಆದರೆ ಮನೆಯ ಫ್ಯಾನುಗಳನ್ನೆಲ್ಲ ಬದಲಿಸಲಿಲ್ಲ. ಯಾವುದು ಹೆಚ್ಚು ಹೊತ್ತು ಓಡುತ್ತದೆ ಅಂತ ಮೂರು ದಿನ ಬರೆದಿಟ್ಟೆ. ನಡುಮನೆಯದು ದಿನಕ್ಕೆ 14 ಗಂಟೆ. ಹಳೆಯದು 75 ವ್ಯಾಟ್, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯದು 30 ವ್ಯಾಟ್. ಉಳಿತಾಯ ದಿನಕ್ಕೆ 0.63 ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 19. ಅದೊಂದನ್ನೇ ಬದಲಿಸಿದೆವು. ಮೇ ತಿಂಗಳಲ್ಲಿ 191ಕ್ಕೆ ನಿಂತಿತು. ದೇವರ ಮನೆ ಪಕ್ಕದ ಕೋಣೆಯ ಫ್ಯಾನು ವಾರಕ್ಕೆ ಎರಡು ಗಂಟೆ ತಿರುಗುತ್ತದೆ. ಅದು ನನ್ನ ಕಾಲ ಮುಗಿಯುವವರೆಗೆ ಹಾಗೇ ಇರುತ್ತದೆ.

ಇನ್ನು ಅಕ್ಕಿ. ನಮ್ಮ ಕಡೆ ಮೂಟೆ ಅಂದರೆ 25 ಕೆಜಿ ಅಂತ ಲೆಕ್ಕ ಇತ್ತು. ಈಗ ಅಂಗಡಿಗೆ ಹೋದರೆ 26 ಕೆಜಿಯ ಚೀಲ. 2022ರ ಜುಲೈ 18ರಿಂದ 25 ಕೆಜಿಯವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು, ಅದನ್ನು ದಾಟಿದರೆ ಇಲ್ಲ. ಅದಕ್ಕೇ ಮೂಟೆ ಒಂದು ಕೆಜಿ ಬೆಳೆಯಿತು. ರೇಟು ಕೇಳುವಾಗ ಮೂಟೆಗೆ ಎಷ್ಟು ಅಂತ ಕೇಳಿ ಹಳೇ ಅಭ್ಯಾಸದಲ್ಲಿ 25ರಿಂದ ಭಾಗಿಸಬೇಡಿ.

ಸಂಕ್ರಾಂತಿ ಕಳೆದು ಹೊಸ ಅಕ್ಕಿ ಬಂದಾಗ ಸೋನಾ ಮಸೂರಿ ಹೊಸದು ಕೆಜಿಗೆ 52, ಹಳೆಯದು 60. ಹಳೇ ಅಕ್ಕಿ ಒದಗುತ್ತದೆ ಅಂತ ಎಲ್ಲರೂ ಹೇಳುವುದನ್ನು ಕೇಳಿದ್ದೆ, ಎಷ್ಟು ಒದಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಎರಡರಿಂದಲೂ ಇನ್ನೂರು ಇನ್ನೂರು ಗ್ರಾಂ ಬೇರೆ ಬೇರೆ ಬೇಯಿಸಿದೆ. ಹೊಸದಕ್ಕೆ ಎರಡರಷ್ಟರ ಮೇಲೆ ಸ್ವಲ್ಪ ನೀರು ಬಿದ್ದರೂ ಮುದ್ದೆಯಾಯಿತು. ತೂಕ 520 ಗ್ರಾಂ. ಹಳೆಯದು ನೀರು ಕುಡಿದು ಉದುರುದುರಾಗಿ ಅರಳಿತು, 600 ಗ್ರಾಂ. ಭಾಗಿಸಿದರೆ ಎರಡೂ ಅನ್ನ ಕೆಜಿಗೆ 20 ರೂಪಾಯಿ! ಎಂಟು ರೂಪಾಯಿ ವ್ಯತ್ಯಾಸ ಪಾತ್ರೆಯೊಳಗೆ ಸೊನ್ನೆಯಾಗಿತ್ತು. ಡೈರಿ ಹಿಡಿದು ಓಡಿಹೋಗಿ ಇವಳಿಗೆ ತೋರಿಸಿದೆ.

"ಹೆಚ್ಚಾಗಿರೋದು ನೀರು ತಾನೇ? ಹೊಟ್ಟೆಗೆ ಹೋಗೋ ಅಕ್ಕಿ ಅಷ್ಟೇ" ಅಂದಳು.

ಮೂವತ್ತೊಂದು ವರ್ಷದಲ್ಲಿ ಯಾವ ಆಡಿಟರೂ ನನ್ನನ್ನು ಹೀಗೆ ಹಿಡಿದಿರಲಿಲ್ಲ.

ಹಾಗಾದರೆ ತೂಕ ಬೇಡ, ದಿನ ಎಣಿಸೋಣ ಅಂದುಕೊಂಡೆ. ಮೂಟೆ ಬಿಚ್ಚಿದ ತಾರೀಖನ್ನು ಚೀಲದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದೆ. ಹೊಸ ಅಕ್ಕಿ ಮೂಟೆ, 1,352 ರೂಪಾಯಿ, 44 ದಿನ ಬಂತು, ದಿನಕ್ಕೆ 30.70. ಹಳೇ ಅಕ್ಕಿ ಮೂಟೆ, 1,560 ರೂಪಾಯಿ, 48 ದಿನ, ದಿನಕ್ಕೆ 32.50. ಹಳೆಯದು ದಿನಕ್ಕೆ ಒಂದು ಎಂಬತ್ತು ಜಾಸ್ತಿ, ಆದರೆ ಪುಳಿಯೋಗರೆಗೂ ಚಿತ್ರಾನ್ನಕ್ಕೂ ಅದೇ ಆಗಬೇಕು, ಇಷ್ಟಕ್ಕೆ ಲೆಕ್ಕ ಮುಗಿಯಿತು ಅಂತ ಡೈರಿಯಲ್ಲಿ ಗೆರೆ ಎಳೆಯುವುದರಲ್ಲಿದ್ದೆ.

"ಹೊಸ ಅಕ್ಕಿ ಇದ್ದಾಗ ನಿಮ್ಮ ತಂಗಿ ಮನೆಯವರು ನಾಲ್ಕು ಜನ ನಾಲ್ಕು ದಿನ ಇದ್ರಲ್ರೀ" ಅಂದಳು ಇವಳು, ಸೊಪ್ಪು ಬಿಡಿಸುತ್ತಾ. "ಹಳೇ ಅಕ್ಕಿ ಇದ್ದಾಗ ನಾವಿಬ್ರೂ ಧರ್ಮಸ್ಥಳಕ್ಕೆ ಹೋಗಿ ಮೂರು ದಿನ ಮನೇಲೇ ಇರ್ಲಿಲ್ಲ."

ಗೆರೆ ಎಳೆಯಲಿಲ್ಲ. ಮೂರನೇ ಮೂಟೆ ಬಿಚ್ಚಿ ಇವತ್ತಿಗೆ ಒಂಬತ್ತು ದಿನ. ಈ ಸಲ ಡೈರಿಯಲ್ಲಿ ಬಂದವರಿಗೊಂದು ಕಾಲಂ, ಊರಿಗೆ ಹೋದವರಿಗೊಂದು ಕಾಲಂ ಹೊಡೆದಿದ್ದೇನೆ. ನಿನ್ನೆ ರಾತ್ರಿ ಬೀಗರು ಬಂದು ಊಟ ಮಾಡಿ ಹೋದರು. ಬೆಳಿಗ್ಗೆ ನೋಡಿದರೆ ಆ ಕಾಲಂನಲ್ಲಿ ಇವಳ ಕೈಬರಹ: "ಇಬ್ಬರು, ಒಂದು ಹೊತ್ತು. ಅನ್ನ ಕಮ್ಮಿ, ಮುದ್ದೆ ಜಾಸ್ತಿ."