ಹಳೆಯ ಕಾರಿಗೆ ಆಂಪ್ಲಿಫೈಯರ್: ಮೊದಲು ವಿದ್ಯುತ್ತು, ಆಮೇಲೆ ಸಂಗೀತ

ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. ಆದರೂ ಜೋಪಾನವಾಗಿ ಇಟ್ಟುಕೊಂಡವರ ಮನೆಯಲ್ಲಿ ಅದು ಇಂದಿಗೂ ಒಂದೇ ಸೆಲ್ಫ್ ಹೊಡೆತಕ್ಕೆ ಸ್ಟಾರ್ಟ್ ಆಗುತ್ತದೆ. ನಮ್ಮ ತಂದೆಯವರು 1997ರಲ್ಲಿ ಕೊಂಡ ಕಾರೂ ಅಂಥದ್ದೇ. ಇಂಥ ಕಾರಿನಲ್ಲಿ ಹಾಡು ಚೆನ್ನಾಗಿ ಕೇಳಬೇಕೆಂದು ಆಸೆಪಡುವವರು ಸಾಮಾನ್ಯವಾಗಿ ಮೊದಲು ಸ್ಟೀರಿಯೊ ಬದಲಿಸುತ್ತಾರೆ, ಬಳಿಕ ಸ್ಪೀಕರ್ ಬದಲಿಸುತ್ತಾರೆ, ಅದೂ ಸಾಲದೆಂದು ಕೊನೆಗೆ ಆಂಪ್ಲಿಫೈಯರ್ ಕೊಳ್ಳಲು ಹೊರಡುತ್ತಾರೆ. ಈ ಮೂರನೆಯ ಹಂತಕ್ಕೆ ಬಂದು, ಕೆಲಸವನ್ನು ತಾವೇ ಕೈಯಾರೆ ಮಾಡಿಕೊಳ್ಳಬೇಕೆಂದಿರುವವರಿಗಾಗಿ ಈ ಲೇಖನ.

ಸ್ಟೀರಿಯೊ ಡಬ್ಬಿಯ ಮೇಲೆ "50 ವ್ಯಾಟ್ ಗುಣಿಸು 4" ಎಂದು ಮುದ್ರಿಸಿದ್ದರೂ ಬೇರೆ ಆಂಪ್ಲಿಫೈಯರ್ ಏಕೆ ಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14 ವೋಲ್ಟ್ ಚಿಲ್ಲರೆ. ಅಷ್ಟು ವೋಲ್ಟೇಜನ್ನು ನೇರವಾಗಿ ಬಳಸುವ ಸ್ಟೀರಿಯೊ, 4 ಓಮ್ ಸ್ಪೀಕರಿಗೆ ಧ್ವನಿ ಕೆಡದಂತೆ ಕೊಡಬಲ್ಲದ್ದು ಲೆಕ್ಕದ ಪ್ರಕಾರವೇ 25 ವ್ಯಾಟಿನ ಆಸುಪಾಸು, ವಾಸ್ತವದಲ್ಲಿ 15ರಿಂದ 20 ವ್ಯಾಟ್. ಪ್ರತ್ಯೇಕ ಆಂಪ್ಲಿಫೈಯರಿನ ಒಳಗೆ 12 ವೋಲ್ಟನ್ನು ಏರಿಸಿಕೊಳ್ಳುವ ಸರ್ಕ್ಯೂಟ್ ಇರುತ್ತದೆ. ಅದರಿಂದಲೇ ಅದು 50 ವ್ಯಾಟನ್ನು ನಿಜವಾಗಿಯೂ ಕೊಡಬಲ್ಲದು. ಕೊಳ್ಳುವಾಗ ದೊಡ್ಡ ಅಕ್ಷರದ ಗರಿಷ್ಠ ವ್ಯಾಟ್ ಬಿಟ್ಟು, ಆರ್‌ಎಂಎಸ್ ಎಂದು ನಮೂದಿಸಿರುವ, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟಿನ ಅಂಕಿಯನ್ನಷ್ಟೇ ನೋಡಿ.

ಕಾರಿನ ಕಸುವು ಅಳೆಯಿರಿ

ಅಂಗಡಿಗೆ ಹೋಗುವ ಮುನ್ನ ಒಂದು ಮಲ್ಟಿಮೀಟರ್ ಹಿಡಿದು ಬಾನೆಟ್ ತೆರೆಯಿರಿ. ಎಂಜಿನ್ ಆಫ್ ಮಾಡಿ ಕೆಲವು ಗಂಟೆ ಬಿಟ್ಟ ನಂತರ ಬ್ಯಾಟರಿಯ ಟರ್ಮಿನಲ್‌ಗಳ ನಡುವೆ 12.6 ವೋಲ್ಟಿನಷ್ಟು ಇರಬೇಕು. ಎಂಜಿನ್ ಓಡುವಾಗ 13.5ರಿಂದ 14.5ರ ನಡುವೆ ನಿಲ್ಲಬೇಕು. ಇನ್ನು ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವನ್ನೂ ಹಾಕಿ ನೋಡಿ. ನಮ್ಮ ಕಾರಿನಲ್ಲಿ 13.9 ಇದ್ದದ್ದು ಆಗ 12.7ಕ್ಕೆ ಇಳಿಯಿತು. ಹಾಗಾದರೆ ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೋದ (ಆಲ್ಟರ್ನೇಟರ್) ಬೆಲ್ಟ್ ಸಡಿಲವಾಗಿರಬಹುದು, ಬ್ರಷ್ ಸವೆದಿರಬಹುದು. ಇದನ್ನು ಸರಿಪಡಿಸದೆ ಆಂಪ್ಲಿಫೈಯರ್ ಜೋಡಿಸುವುದು, ಸೋರುವ ಟ್ಯಾಂಕಿಗೆ ಹೊಸ ನಲ್ಲಿ ಹಾಕಿಸಿದಂತೆ. ಕೆಲವರು ಇದಕ್ಕೆ ಪರಿಹಾರವೆಂದು ದೊಡ್ಡ ಕೆಪಾಸಿಟರ್ ಮಾರುತ್ತಾರೆ. ಅದು ಕ್ಷಣಮಾತ್ರದ ಬೇಡಿಕೆಯನ್ನು ತಡೆದುಕೊಳ್ಳಬಹುದೇ ಹೊರತು ಸೋತ ಡೈನಮೋಗೆ ಬಲ ತುಂಬಲಾರದು.

ಮತ್ತೊಂದು ಪರೀಕ್ಷೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ಹೆಡ್‌ಲೈಟ್ ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೂ ಇನ್ನೊಂದನ್ನು ಕಾರಿನ ಬಾಡಿಯ ಬರಿ ಲೋಹದ ಮೇಲೂ ಇಟ್ಟು ನೋಡಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ಥಿಂಗ್ ಕೇಬಲ್ ಕಿಲುಬು ಹಿಡಿದಿದೆ ಎಂದರ್ಥ. ಕರಾವಳಿಯಲ್ಲಿ ಓಡಾಡಿದ ಕಾರುಗಳಲ್ಲಿ ಇದು ತೀರ ಸಾಮಾನ್ಯ. ಆ ಕೇಬಲನ್ನು ದಪ್ಪನೆಯ ಹೊಸದಕ್ಕೆ ಬದಲಿಸಿ.

ಈ ಗಾತ್ರದ ಕಾರಿಗೆ ಪ್ರತಿ ಚಾನೆಲ್‌ಗೆ 50 ವ್ಯಾಟಿನ, ನಾಲ್ಕು ಚಾನೆಲ್‌ನ ಆಂಪ್ಲಿಫೈಯರ್ ಧಾರಾಳವಾಯಿತು. ಇವುಗಳಲ್ಲಿ ಎರಡು ಬಗೆ ನೋಡಬಹುದು. ಕ್ಲಾಸ್ ಎಬಿ ಮಾದರಿಯಲ್ಲಿ ಒಳಗೆ ಹೋದ ವಿದ್ಯುತ್ತಿನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಸ್ಪೀಕರಿಗೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕ್ಲಾಸ್ ಡಿ ಮಾದರಿ ಶೇ 80ರಷ್ಟನ್ನು ತಲುಪಿಸುತ್ತದೆ. 200 ವ್ಯಾಟಿಗೆ ಲೆಕ್ಕ ಹಾಕಿದರೆ ಮೊದಲನೆಯದು ಪೂರ್ಣ ಭಾರದಲ್ಲಿ ಸುಮಾರು 26 ಆಂಪಿಯರ್ ಎಳೆಯುತ್ತದೆ, ಎರಡನೆಯದು 18. ಚಿಕ್ಕ ಬ್ಯಾಟರಿಯ ಹಳೆಯ ಕಾರಿಗೆ ನಾನು ಕ್ಲಾಸ್ ಡಿಯನ್ನೇ ಹೇಳುತ್ತೇನೆ.

ವೈರು ಮತ್ತು ಫ್ಯೂಸು

ಬ್ಯಾಟರಿಯಿಂದ ಆಂಪ್ಲಿಫೈಯರ್ ಕೂರುವ ಡಿಕ್ಕಿಯವರೆಗೆ ಸುಮಾರು 4 ಮೀಟರ್ ವೈರು ಬೇಕು. ಮನೆಯ ವೈರಿಂಗಿನಲ್ಲಿ ಉಳಿದ 4 ಸ್ಕ್ವೇರ್ ಎಂಎಂ ವೈರನ್ನೇ ಎಳೆದರೆ 26 ಆಂಪಿಯರ್ ಹರಿಯುವಾಗ ದಾರಿಯಲ್ಲೇ ಅರ್ಧ ವೋಲ್ಟ್ ಸೋರಿಹೋಗುತ್ತದೆ. 10 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಈ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಿದ್ಧ ವೈರಿಂಗ್ ಕಿಟ್‌ಗಳು ಸಿಗುತ್ತವೆ. ಆದರೆ ಅಗ್ಗದ ಕಿಟ್‌ಗಳಲ್ಲಿ ಹಲವು, ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ವೈರಿನ ತುದಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ.

ಕೆಲಸ ಶುರು ಮಾಡುವಾಗ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕಿಡಿ. ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಕೂರಿಸಬೇಕಾದದ್ದೂ ಅದೇ. ಪಾಸಿಟಿವ್ ಟರ್ಮಿನಲ್‌ನಿಂದ ಹೊರಟ ವೈರಿಗೆ 45 ಸೆಂಟಿಮೀಟರ್ ಒಳಗೇ 30 ಆಂಪಿಯರ್ ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರಿನ ಮೈಮೇಲೆ ಈಗಾಗಲೇ ಫ್ಯೂಸ್ ಇದೆಯಲ್ಲ ಎಂದು ಇದನ್ನು ಬಿಡಬೇಡಿ. ಅದು ಕಾಯುವುದು ಆಂಪ್ಲಿಫೈಯರನ್ನು. ಬ್ಯಾಟರಿ ಪಕ್ಕದ ಫ್ಯೂಸ್ ಕಾಯುವುದು ಕಾರಿನುದ್ದಕ್ಕೂ ಹಾದುಹೋಗುವ ವೈರನ್ನು, ಅಂದರೆ ಒಳಗೆ ಕುಳಿತ ನಿಮ್ಮನ್ನು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಾರಿಗೆ ಮೊದಲ ಸಲ ಅಂಗಡಿಯೊಂದರಲ್ಲಿ ಆಂಪ್ಲಿಫೈಯರ್ ಹಾಕಿಸಿದಾಗ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆಯೇ ವೈರು ತೂರಿಸಿದ್ದರು, ಬ್ಯಾಟರಿ ಬಳಿ ಫ್ಯೂಸೂ ಇರಲಿಲ್ಲ. ಕೆಲವು ತಿಂಗಳ ಬಳಿಕ ಬೇರೇನೋ ಕೆಲಸಕ್ಕೆ ಟಾರ್ಚ್ ಬಿಟ್ಟು ನೋಡಿದರೆ, ತಗಡಿನ ಅಂಚು ಉಜ್ಜಿ ಉಜ್ಜಿ ಕೆಂಪು ಹೊದಿಕೆಯನ್ನು ಸೀಳಿತ್ತು, ಒಳಗಿನ ತಾಮ್ರ ಮಿನುಗುತ್ತಿತ್ತು. ಇನ್ನೊಂದು ಕೂದಲೆಳೆಯಷ್ಟು ಸವೆದಿದ್ದರೆ ಬ್ಯಾಟರಿಯ ಪೂರ್ತಿ ವಿದ್ಯುತ್ತು ಬಾಡಿಗೆ ಹರಿದು, ವೈರು ಕಾದು, ಕಾರ್ಪೆಟ್ಟಿಗೆ ಬೆಂಕಿ ಹತ್ತುತ್ತಿತ್ತು. ಆದ್ದರಿಂದ ತೂತಿಗೆ ಬಿಗಿಯಾಗಿ ಕೂರುವ ರಬ್ಬರ್ ಬುಷ್ ಹಾಕಿ, ಅದರ ಮೂಲಕವೇ ವೈರು ತನ್ನಿ. ಇಲಿಕಾಟ ಇರುವ ಕಡೆ ಎಂಜಿನ್ ಭಾಗದ ವೈರಿಗೆ ಸುಕ್ಕುಪೈಪ್ ತೊಡಿಸಿ.

ಕ್ಯಾಬಿನ್ ಒಳಗೆ ಪವರ್ ವೈರು ಒಂದು ಬದಿಯ ಬಾಗಿಲ ಹೊಸ್ತಿಲಿನ ಪಟ್ಟಿಯ ಕೆಳಗೆ ಹೋದರೆ, ಸ್ಟೀರಿಯೊದಿಂದ ಹಾಡಿನ ಸಿಗ್ನಲ್ ತರುವ ಆರ್‌ಸಿಎ ವೈರು ಇನ್ನೊಂದು ಬದಿಯಲ್ಲಿ ಹೋಗಲಿ. ಆಂಪ್ಲಿಫೈಯರನ್ನು ಎಬ್ಬಿಸುವ ತೆಳುವಾದ ರಿಮೋಟ್ ವೈರು ಅದರ ಜೊತೆಗೇ ಬರಬಹುದು. ಸ್ಟೀರಿಯೊದಲ್ಲಿ ಆರ್‌ಸಿಎ ಇಲ್ಲದಿದ್ದರೆ, ಸ್ಪೀಕರ್ ವೈರನ್ನೇ ಸ್ವೀಕರಿಸುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರನ್ನು ಆರಿಸಿಕೊಳ್ಳಿ.

ಅರ್ಥಿಂಗ್

ಆಂಪ್ಲಿಫೈಯರಿನ ನೆಗೆಟಿವ್ ವೈರು ಪಾಸಿಟಿವ್‌ನಷ್ಟೇ ದಪ್ಪವಿರಬೇಕು, ಉದ್ದ ಮಾತ್ರ 45 ಸೆಂಟಿಮೀಟರ್ ಮೀರಬಾರದು. ಡಿಕ್ಕಿಯ ತಳದಲ್ಲಿ ಗಟ್ಟಿ ತಗಡು ಇರುವ ಜಾಗವೊಂದನ್ನು ಹುಡುಕಿ, ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಮುಟ್ಟಬೇಡಿ. ಹಳೆಯ ಕಾರಿನ ಮೈಮೇಲೆ ಕಂಪನಿಯ ಬಣ್ಣ, ಅದರ ಮೇಲೆ ಮರುಬಣ್ಣ, ಅದರಡಿ ತುಕ್ಕು ಎಂದು ಪದರ ಪದರವಾಗಿ ಕೂತಿರುತ್ತದೆ. ಉಜ್ಜುಕಾಗದದಿಂದ ಒಂದು ರೂಪಾಯಿ ನಾಣ್ಯದಗಲ ತಿಕ್ಕುತ್ತ ಹೋಗಿ. ಮೊದಲು ಬಣ್ಣದ ಪುಡಿ ಬರುತ್ತದೆ, ಆಮೇಲೆ ಕಂದು ಪುಡಿ, ಕೊನೆಗೆ ಕಾಗದದ ಸದ್ದೇ ಬದಲಾಗಿ ಬೆಳ್ಳಿಯಂಥ ಲೋಹ ಹೊಳೆಯುತ್ತದೆ. ಅಲ್ಲಿಗೆ ನಿಲ್ಲಿಸಿ. ತುದಿಗೆ ಲಗ್ (ಲೋಹದ ಉಂಗುರ) ಒತ್ತಿದ ವೈರನ್ನು ನಕ್ಷತ್ರ ವಾಷರ್ ಹಾಕಿ ಬೋಲ್ಟಿನಿಂದ ಬಿಗಿದು, ಮತ್ತೆ ತುಕ್ಕು ಹಿಡಿಯದಂತೆ ಮೇಲೆ ಬಣ್ಣ ಬಳಿಯಿರಿ. ಕೊರೆಯುವ ಮುನ್ನ ಕಾರಿನಡಿ ತಲೆಯಿಟ್ಟು ನೋಡುವುದನ್ನು ಮರೆಯಬೇಡಿ: ಪೆಟ್ರೋಲ್ ಟ್ಯಾಂಕ್ ಇರುವುದು ಹಿಂಭಾಗದ ತಳದಲ್ಲೇ.

ಸ್ಪೀಕರ್ ವೈರಿನಲ್ಲಿಯೂ ಹಳೆಯ ಕಾರುಗಳಿಗೇ ಮೀಸಲಾದ ಒಂದು ತೊಡಕಿದೆ. ಕ್ಯಾಸೆಟ್ ಕಾಲದ ಕೆಲವು ಸೆಟ್‌ಗಳಲ್ಲಿ ಸ್ಪೀಕರಿನ ನೆಗೆಟಿವನ್ನು ಬಾಡಿಗೇ ಸೇರಿಸುತ್ತಿದ್ದರು. ಇಂದಿನ ಆಂಪ್ಲಿಫೈಯರಿನ ಸ್ಪೀಕರ್ ನೆಗೆಟಿವ್ ಬಾಡಿಗೆ ತಾಗಿದರೆ ಅದರ ಔಟ್‌ಪುಟ್ ಸುಟ್ಟುಹೋಗಬಹುದು. ಸೆಟ್ ಬಿಚ್ಚಿದ ಮೇಲೆ ಪ್ರತಿ ಸ್ಪೀಕರ್ ವೈರಿಗೂ ಬಾಡಿಗೂ ನಡುವೆ ಮೀಟರ್ ಬೀಪ್ ಎನ್ನುತ್ತದೆಯೇ ಪರೀಕ್ಷಿಸಿ. ಬೀಪ್ ಎಂದರೆ ಹಳೆಯದನ್ನು ಕೈಬಿಟ್ಟು ಹೊಸದಾಗಿ ಜೋಡಿ ವೈರು ಎಳೆಯಿರಿ. ಪಾಸಿಟಿವ್ ಯಾವುದೆಂದು ತಿಳಿಯಲು 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ಸಾಕು. ಕೋನ್ ಹೊರಗೆ ಚಿಮ್ಮಿದರೆ ಸೆಲ್ಲಿನ ಪಾಸಿಟಿವ್ ತಾಗಿದ್ದೇ ಸ್ಪೀಕರಿನ ಪಾಸಿಟಿವ್.

ಗೇನ್ ಹೊಂದಿಸುವುದು

ಗೇನ್ ಎಂಬುದು ವಾಲ್ಯೂಮ್ ಅಲ್ಲ. ಸ್ಟೀರಿಯೊ ಕಳಿಸುವ ಸಿಗ್ನಲ್‌ಗೂ ಆಂಪ್ಲಿಫೈಯರಿನ ಸಾಮರ್ಥ್ಯಕ್ಕೂ ಹೊಂದಾಣಿಕೆ ಮಾಡುವ ತಿರುಪು ಅದು. ಅಂದಾಜಿನಲ್ಲಿ ತಿರುಗಿಸಿದರೆ ಸಿಗ್ನಲ್ಲಿನ ತಲೆ ಕತ್ತರಿಸಿ ಹೋಗಿ, ಸ್ಪೀಕರಿನ ಕಾಯಿಲ್ ಸುಡುತ್ತದೆ. ಇದಕ್ಕೊಂದು ಸರಳ ಲೆಕ್ಕವಿದೆ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ: 50 ವ್ಯಾಟ್, 4 ಓಮ್ ಆದರೆ 14.1 ವೋಲ್ಟ್. ಸ್ಪೀಕರ್ ತಾಳಿಕೊಳ್ಳುವುದು 30 ವ್ಯಾಟ್ ಮಾತ್ರವಾದರೆ ಗುರಿ 11 ವೋಲ್ಟ್.

ಸ್ಪೀಕರ್ ವೈರುಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಗೇನ್ ಪೂರ್ತಿ ಇಳಿಸಿ, ಬಾಸ್ ಬೂಸ್ಟ್ ಮತ್ತು ಫಿಲ್ಟರ್ ಆಫ್ ಮಾಡಿ. ಎಂಜಿನ್ ಓಡುತ್ತಿರಲಿ. ಸ್ಟೀರಿಯೊದ ಬಾಸ್, ಟ್ರೆಬಲ್ ಸೊನ್ನೆಯಲ್ಲಿಟ್ಟು, ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಏರಿಸಿ, 0 ಡೆಸಿಬೆಲ್‌ನ 100 ಹರ್ಟ್ಸ್ ಪರೀಕ್ಷಾ ಧ್ವನಿಯನ್ನು ಪೆನ್‌ಡ್ರೈವ್‌ನಿಂದ ನುಡಿಸಿ. ಅಗ್ಗದ ಮೀಟರುಗಳು ಇಂಥ ಕಡಿಮೆ ಆವರ್ತನದಲ್ಲಿ ಮಾತ್ರ ಸರಿಯಾದ ಅಂಕಿ ತೋರಿಸುತ್ತವೆ. ಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, ಗುರಿಯ ಅಂಕಿ ಬರುವವರೆಗೆ ಗೇನನ್ನು ಮೆಲ್ಲನೆ ತಿರುಗಿಸಿ. ಆಮೇಲೆ ಆಫ್ ಮಾಡಿ ಸ್ಪೀಕರ್ ಜೋಡಿಸಿ. ಬಾಗಿಲಿನ ಅಥವಾ ಡ್ಯಾಶ್‌ಬೋರ್ಡಿನ ಚಿಕ್ಕ ಸ್ಪೀಕರುಗಳಿಗೆ, ತಗ್ಗಿನ ಸ್ವರಗಳನ್ನು ತಡೆಯುವ ಹೈ ಪಾಸ್ ಫಿಲ್ಟರನ್ನು 100 ಹರ್ಟ್ಸ್ ಸುಮಾರಿಗೆ ಇಡಿ. ಆ ನಾಲ್ಕಿಂಚಿನ ಕೋನ್‌ಗಳಿಂದ ಡೊಳ್ಳಿನ ಗುಡುಗನ್ನು ಬಯಸಬಾರದು.

ಈಗ ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು ಹಾಕಿ. ನಾನು ಹಾಕುವುದು ಭೀಮಸೇನ ಜೋಶಿಯವರ ದನಿಯಲ್ಲಿರುವ ದಾಸರ ಪದ. ತಾನಿನ ವೇಗದ ಸ್ವರಗಳು ಮೇಲೇರಿದಾಗ ಆ ಕಂಠ ಒಡೆಯದೆ, ಹಿಂದಿನ ತಂಬೂರಿ ಮಸುಕಾಗದೆ ಕೇಳಿಸಿದರೆ ಹೊಂದಾಣಿಕೆ ಸರಿಯಾಗಿದೆ.

ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಂಯ್ ಎಂಬ ಸದ್ದು ಬಂದರೆ ಆರ್‌ಸಿಎ ವೈರನ್ನು ಆಂಪ್ಲಿಫೈಯರಿನ ಕಡೆ ಬಿಚ್ಚಿ ನೋಡಿ. ಸದ್ದು ನಿಂತರೆ ದೋಷ ಸ್ಟೀರಿಯೊ ಅಥವಾ ಆ ವೈರಿನ ದಾರಿಯಲ್ಲಿದೆ, ಸ್ಟೀರಿಯೊದ ಅರ್ಥಿಂಗನ್ನೂ ಬರಿ ಲೋಹಕ್ಕೆ ಬಿಗಿಯಬೇಕು. ನಿಲ್ಲದಿದ್ದರೆ ಡಿಕ್ಕಿಯ ಅರ್ಥಿಂಗನ್ನು ಮತ್ತೆ ತಿಕ್ಕಬೇಕು. ಟಿಕ್ ಟಿಕ್ ಎನ್ನುವ ಸದ್ದಾದರೆ ಅದು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಇರುವ ಕಾರುಗಳ ಕಿಡಿಯ ಸದ್ದು. ಸವೆದ ಪ್ಲಗ್ ವೈರು ಬದಲಿಸಿ, ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ ಹಾಕಿದರೆ ಬಹುಪಾಲು ಅಡಗುತ್ತದೆ. ಎನ್‌ಜಿಕೆ ಕಂಪನಿಯ ಪ್ಲಗ್ಗಾದರೆ ಅದರ ಸಂಕೇತದಲ್ಲಿ ಆರ್ ಅಕ್ಷರ ಇರಬೇಕು.

ಒಂದು ವಾರ ಓಡಿಸಿದ ಮೇಲೆ ಫ್ಯೂಸಿನ ಡಬ್ಬಿಯನ್ನು ಕೈಯಿಂದ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಒಳಗಿನ ತಿರುಪು ಸಡಿಲವಾಗಿದೆ. ಅರ್ಥಿಂಗ್ ಬೋಲ್ಟನ್ನು ಇನ್ನೊಮ್ಮೆ ಬಿಗಿಯಿರಿ. ಪ್ರತಿ ಮಳೆಗಾಲಕ್ಕೆ ಮುನ್ನ ಬಾನೆಟ್ ತೆರೆದು ಆ ರಬ್ಬರ್ ಬುಷ್ ಸ್ವಸ್ಥಾನದಲ್ಲಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿಕೊಳ್ಳಿ.