ಅಚ್ಚಾದ ಪಾಠ, ನಿಂತ ಕಲ್ಲು: ಮಲೆನಾಡಿನ ಶಾಸನ ಓದುವ ನನ್ನ ಕ್ರಮ

ಶಿವಮೊಗ್ಗ ಸೀಮೆಯ ಇತಿಹಾಸ ಬರೆಯುವವರಿಗೆ ಮೊದಲ ಆಸರೆ ಬಿ. ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳು, ಎಂಟನೆಯ ಸಂಪುಟಗಳು. 1902ರ ಏಳನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 1904ರ ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ತಾಳಗುಂದದ ಕಂಬದ ಶಾಸನ ಬೇಕೆಂದರೆ ಏಳನೆಯ ಸಂಪುಟದಲ್ಲಿ ಶಿಕಾರಿಪುರ 176, ಅಂದರೆ ಆ ತಾಲ್ಲೂಕಿನ 176ನೆಯ ಶಾಸನ ತೆಗೆಯಬೇಕು. ಅಂದಿನ ನಗರ ತಾಲ್ಲೂಕು ಇಂದಿನ ಹೊಸನಗರ; ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿವೆ. ಅದಕ್ಕೇ ಹಳೆಯ ಸಂಖ್ಯೆಯ ಪಕ್ಕದಲ್ಲೇ ಇಂದಿನ ಊರು, ತಾಲ್ಲೂಕು ಬರೆದಿಟ್ಟುಕೊಳ್ಳುತ್ತೇನೆ. ಆದರೆ ಅಚ್ಚಾದ ಪಾಠವೊಂದನ್ನೇ ನಂಬಿ ವಾದ ಕಟ್ಟುವುದಿಲ್ಲ. ಕಲ್ಲಿನ ಮುಂದೆ ಕೂತು ಓದಿದ ಮೇಲೇ ಬರವಣಿಗೆ.

ಮಳೆಗಾಲದಲ್ಲಿ ನಮ್ಮ ಕಡೆ ಕಲ್ಲಿಗೆ ಹಾವಸೆ ಕಟ್ಟುತ್ತದೆ, ಅಚ್ಚು ತೆಗೆಯುವ ಕಾಗದ ಆರುವುದೇ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ತೆಂಗಿನ ನಾರು, ನೀರು ಇಷ್ಟರಿಂದಲೇ ಕಲ್ಲು ತೊಳೆಯುತ್ತೇನೆ. ತಂತಿ ಬ್ರಷ್, ಆಸಿಡ್ ಕೂಡದು. ಕಲ್ಲುಹೂವನ್ನು ಕೆರೆದು ಕೀಳಹೋದರೆ ಅದರ ಜೊತೆ ಅಕ್ಷರದ ಅಂಚೂ ಎದ್ದು ಬರುತ್ತದೆ.

ಪಡಿಯಚ್ಚಿಗೆ, ಅಂದರೆ ಕಲ್ಲಿನ ಅಕ್ಷರವನ್ನು ಮಸಿಯಿಂದ ಕಾಗದಕ್ಕೆ ಇಳಿಸಿಕೊಳ್ಳಲು, ಕಾಗದ ನೆನೆಸಿ ಕಲ್ಲಿನ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಬ್ರಷ್ಷಿನಿಂದ ತಟ್ಟುತ್ತ ಹೋಗಬೇಕು. ಅಂಚಿನಿಂದ ಶುರು ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಗುಳ್ಳೆ ಬರುತ್ತದೆ. ಮಸಿ ಹಚ್ಚುವ ಹೊತ್ತೇ ಇಲ್ಲಿ ಮುಖ್ಯ. ಕಾಗದ ತೀರ ಒದ್ದೆಯಿದ್ದರೆ ಮಸಿ ಹರಡಿ ಅಕ್ಷರದ ಗುಳಿಯೆಲ್ಲ ಕಪ್ಪಾಗುತ್ತದೆ, ಪೂರ್ತಿ ಒಣಗಿದರೆ ಕಲ್ಲು ಬಿಟ್ಟು ಏಳುತ್ತದೆ. ಬೆರಳಿಟ್ಟರೆ ತಣ್ಣಗಿರಬೇಕು, ಆದರೆ ನೀರು ಅಂಟಬಾರದು. ಆಗ ಮಸಿ ಹಚ್ಚಿದ ಬಟ್ಟೆಯುಂಡೆಯನ್ನು ಒತ್ತದೆ, ಹಗುರಾಗಿ ಮುಟ್ಟಿಸುತ್ತ ಹೋಗಬೇಕು. ಕಾಗದ ತೆಗೆದ ಕೂಡಲೇ ಹಿಂಬದಿಯಲ್ಲಿ ಊರು, ದಿನಾಂಕ, ಕಲ್ಲಿನ ಯಾವ ಮುಖ ಎಂದು ಬರೆಯುತ್ತೇನೆ. ಸವೆದ ಸಾಲುಗಳಿಗೆ ಪಡಿಯಚ್ಚಿಗಿಂತ ಟಾರ್ಚೇ ಮೇಲು: ನೆರಳಿನಲ್ಲಿ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ನಾಲ್ಕೂ ದಿಕ್ಕಿನಿಂದ ಫೋಟೊ.

ಓದುವಾಗ ಚ-ವ, ದ-ಡ ಎಡವಿಸುತ್ತವೆ. ಹಳೆಯ ಲಿಪಿಯಲ್ಲಿ ಎ-ಏ, ಒ-ಓ ಭೇದವಿಲ್ಲ. ಊರ ಹೆಸರಿನ ದೀರ್ಘ ನಾವು ಹಾಕಿದ್ದು, ಕಲ್ಲಿನದಲ್ಲ ಎಂಬ ನೆನಪಿರಲಿ.

ಹೆಚ್ಚು ಲೇಖನಗಳು ಸೋರುವುದು ಕಾಲಗಣನೆಯಲ್ಲಿ. ಕ್ರಿಸ್ತವರ್ಷ ತಿಳಿಯಲು ಶಕವರ್ಷಕ್ಕೆ 78 ಕೂಡಿಸಿ ಸುಮ್ಮನಾದರೆ ಸಾಲದು, ಸಂವತ್ಸರದ ತಾಳೆ ನೋಡಬೇಕು. ಗತಶಕಕ್ಕೆ, ಅಂದರೆ ಮುಗಿದ ಶಕವರ್ಷಗಳ ಎಣಿಕೆಗೆ, 12 ಸೇರಿಸಿ 60ರಿಂದ ಭಾಗಿಸಿದರೆ ಉಳಿದ ಶೇಷ ಪ್ರಭವದಿಂದ ಎಣಿಸುವ ಕ್ರಮಾಂಕ. ಶೇಷ ಸೊನ್ನೆಯಾದರೆ ಅಕ್ಷಯ. 1560ಕ್ಕೆ 12 ಸೇರಿದರೆ 1572, ಶೇಷ 12, ಅಂದರೆ ಬಹುಧಾನ್ಯ; ಕ್ರಿ.ಶ. 1638-39. ಕಲ್ಲಿನಲ್ಲಿ 1561 ಬಹುಧಾನ್ಯ ಎಂದಿದ್ದರೆ ಅದು ನಡೆಯುತ್ತಿರುವ ವರ್ಷವನ್ನೂ ಎಣಿಸಿದ ವರ್ತಮಾನ ಶಕ, ಕೂಡಿಸಬೇಕಾದ್ದು 77. ತಿಂಗಳು ಪುಷ್ಯ, ಮಾಘ, ಫಾಲ್ಗುಣವಾದರೆ ಕ್ರಿಸ್ತವರ್ಷ ಮುಂದಕ್ಕೆ ಹೊರಳಿರುವುದುಂಟು. ತಿಥಿ-ವಾರವನ್ನು ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳಲ್ಲಿ ನೋಡಿಯೇ ತೀರ್ಮಾನ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕಲ್ಲುಗಳಲ್ಲಿ ಶಕದ ಬದಲು ಆರನೆಯ ವಿಕ್ರಮಾದಿತ್ಯ ಶುರುಮಾಡಿದ ಚಾಲುಕ್ಯ ವಿಕ್ರಮವರ್ಷ ಬಂದರೆ 1075 ಕೂಡಿಸುತ್ತೇನೆ.

ಪಾಠ ಅಚ್ಚಿಗೆ ಕೊಡುವಾಗ ಕಲ್ಲಿನ ಸಾಲೇ ನನ್ನ ಸಾಲು. ಅಳಿಸಿದ ಅಕ್ಷರ ಊಹಿಸಿದ್ದರೆ ಚೌಕ ಕಂಸದೊಳಗೆ. ಕಂಡರಿಸಿದವನ ತಪ್ಪನ್ನು ಪಾಠದಲ್ಲಿ ತಿದ್ದದೆ ಅಡಿಟಿಪ್ಪಣಿಯಲ್ಲಿ ಹೇಳುತ್ತೇನೆ. ರೈಸರ ಓದಿಗಿಂತ ನನ್ನದು ಬೇರೆಯಾದ ಕಡೆ ಎರಡನ್ನೂ ಕೊಟ್ಟು, ಆ ಸಾಲಿನ ಓರೆಬೆಳಕಿನ ಫೋಟೊವನ್ನು ಲೇಖನದ ಜೊತೆಗೇ ಕಳಿಸುತ್ತೇನೆ.