ಲಾಳವಿಲ್ಲದ ಕುದುರೆಯ ಗೊರಸು ಕೊಳೆತ: ಮಲೆನಾಡಿನ ಮಳೆಗಾಲದಲ್ಲಿ ಗುಣ ಕಂಡ ಕ್ರಮ

ಗೊರಸಿನಡಿಯ ಮೆತ್ತನೆ ತ್ರಿಕೋನದಲ್ಲಿ ಕಪ್ಪು ಲೋಳೆ, ಕೊಳೆತ ವಾಸನೆ, ಹಿಮ್ಮಡಿಗಳ ನಡುವೆ ಆಳದ ಸೀಳು. ಪೊವಿಡೋನ್ ಅಯೋಡಿನ್ ಸುರಿದರೆ ಹರಿದುಹೋಯಿತು, ಸೀಳಿನ ತಳ ಮುಟ್ಟಲಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಸಿ ಮಾಂಸವನ್ನೂ ಸುಟ್ಟಿತು. ಬೇವಿನೆಣ್ಣೆಯೂ ಆಗಲಿಲ್ಲ: ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಇದು, ಎಣ್ಣೆ ಸವರಿದರೆ ಸೀಳಿಗೆ ಗಾಳಿ ಇನ್ನೂ ಕಡಿಮೆ.

ಗುಣವಾದದ್ದು ಬತ್ತಿಯಿಂದ. ದಿನವೂ ಗೊರಸು ಕೆರೆದು, ಲೀಟರ್ ನೀರಿಗೆ ಎರಡು ಚಮಚ ಉಪ್ಪು ಹಾಕಿ ತೊಳೆದು, ಬಟ್ಟೆಯ ಪಟ್ಟಿಯನ್ನು ಸೀಳಿನಲ್ಲಿ ಎಳೆದಾಡಿ ಪೂರ್ತಿ ಒಣಗಿಸಿ. ಒದ್ದೆ ಉಳಿದರೆ ಮುಲಾಮು ಹಿಡಿಯದು. 100 ಗ್ರಾಂ ಜಿಂಕ್ ಆಕ್ಸೈಡ್ ಮುಲಾಮಿಗೆ 5 ಗ್ರಾಂ ನುಣ್ಣಗೆ ಅರೆದ ಮೈಲುತುತ್ತ (ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವುದೇ) ಕೈಗವಸು ತೊಟ್ಟು ಕಲಸಿ, ಹತ್ತಿಬತ್ತಿಗೆ ಸವರಿ, ಒತ್ತಡ ಹಾಕದೆ ತಳದವರೆಗೆ ತುಂಬಿ. ಮರುದಿನ ಬತ್ತಿ ಬದಲಿಸಿ. ರಕ್ತ ಕಂಡರೆ ಮೈಲುತುತ್ತ ಬೇಡವೇ ಬೇಡ, ಪಶುವೈದ್ಯರಿಗೆ ತೋರಿಸಿ.

ಕೊಟ್ಟಿಗೆಗೆ ಹಸಿಸೊಪ್ಪು ಹಾಸಬೇಡಿ, ಗಂಜಲ ಹಿಡಿದಿಡುತ್ತದೆ. ನೀರು ಬಸಿಯುವಂತೆ ಸಣ್ಣ ಉರುಟುಗಲ್ಲು ಹಾಸಿ.